ಎ.ಸಿ.ಯ ಹುಟ್ಟೂರನ್ನು ಸನತ್‌ನಗರದ ವ್ಯಾಪಾರಿ ಸಾಬೀತುಪಡಿಸಬೇಕೆ?

ಒಂದು ಎ.ಸಿ. ಅಥವಾ ಫ್ರಿಜ್ ಯಾವ ದೇಶದಲ್ಲಿ ಹುಟ್ಟಿತು ಎಂಬುದನ್ನು ರುಜುವಾತುಪಡಿಸುವ ಹೊಣೆಯನ್ನು, ಅದನ್ನು ತಯಾರಿಸದ, ತಯಾರಾಗುವುದನ್ನು ನೋಡದ, ತಯಾರಕನ ಲೆಕ್ಕಪುಸ್ತಕವನ್ನು ತೆರೆಸುವ ಅಧಿಕಾರವೂ ಇಲ್ಲದ ಆಮದು ವ್ಯಾಪಾರಿಯ ಹೆಗಲಿಗೆ ಹೊರಿಸಿರುವುದು ಭಾರತದ ಕಸ್ಟಮ್ಸ್ ಕಾನೂನಿನಲ್ಲಿ 2020ರಲ್ಲಿ ಆದ ದೊಡ್ಡ ಬದಲಾವಣೆ. ಆ ವರ್ಷದ ಹಣಕಾಸು ಕಾಯ್ದೆಯು 1962ರ ಕಸ್ಟಮ್ಸ್ ಕಾಯ್ದೆಗೆ 28ಡಿಎ ಎಂಬ ಹೊಸ ಕಲಮನ್ನು ಸೇರಿಸಿತು. ಅದರ ಬೆನ್ನಿಗೆ ಆಗಸ್ಟ್ 21ರಂದು ಪ್ರಕಟವಾಗಿ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ, ವ್ಯಾಪಾರಿಗಳ ಬಾಯಲ್ಲಿ ‘ಕ್ಯಾರೋಟಾರ್’ ಎಂದೇ ಬಳಕೆಯಲ್ಲಿರುವ ನಿಯಮಾವಳಿಯು ಆ ಕಲಮನ್ನು ಕಾರ್ಯರೂಪಕ್ಕೆ ತಂದಿತು. ದೇಶೀಯ ತಯಾರಕರು ಇದನ್ನು ತಡವಾಗಿ ಬಂದ ನ್ಯಾಯವೆಂದು ಸ್ವಾಗತಿಸಿದರೆ, ಆಮದುದಾರರು ಕಿರುಕುಳವೆಂದು ದೂರಿದರು. ಎರಡೂ ಕಡೆಯವರ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ರೋಗದ ಮೂಲವಿರುವ ಜಾಗವನ್ನು ಇಬ್ಬರೂ ಮುಟ್ಟುವುದಿಲ್ಲ.

ಹೈದರಾಬಾದಿನ ಸನತ್‌ನಗರದಲ್ಲಿ ಈ ವಿವಾದವನ್ನು ಹತ್ತಿರದಿಂದ ನೋಡಬಹುದು. ಅಲ್ಲಿ ರೈಲ್ವೆಯ ಅಂಗಸಂಸ್ಥೆಯಾದ ಕಾನ್‌ಕಾರ್ ನಡೆಸುವ ಒಳನಾಡು ಕಂಟೇನರ್ ಡಿಪೊ ಇದೆ. ಸಮುದ್ರವಿಲ್ಲದ ಊರಿನಲ್ಲಿ ಬಂದರಿನ ಕೆಲಸ ಮಾಡುವ ಇಂಥ ಡಿಪೊಗಳಿಗೆ ನ್ಹಾವಾ ಶೇವಾದಂಥ ಬಂದರುಗಳಿಂದ ಕಂಟೇನರ್‌ಗಳು ಮುದ್ರೆ ಒಡೆಯದೆ ಬರುತ್ತವೆ, ಸುಂಕದ ತಪಾಸಣೆ ಇಲ್ಲಿಯೇ ನಡೆಯುತ್ತದೆ. ಬೆಂಗಳೂರಿನ ವೈಟ್‌ಫೀಲ್ಡ್ ಡಿಪೊ ಕರ್ನಾಟಕದ ಓದುಗರಿಗೆ ಪರಿಚಿತವಾದ ಇನ್ನೊಂದು ಉದಾಹರಣೆ. ಹೈದರಾಬಾದಿನ ಸಗಟು ಅಂಗಡಿಗಳನ್ನು ನೆಚ್ಚಿಕೊಂಡಿರುವ ಬೀದರ್, ಕಲಬುರಗಿಗಳ ವ್ಯಾಪಾರಿಗಳಿಗೂ ಇಂಥ ಡಿಪೊದಲ್ಲಿ ಆಗುವ ನಿರ್ಣಯದ ಬಿಸಿ ಬೆಲೆಯ ರೂಪದಲ್ಲಿ ತಟ್ಟುತ್ತದೆ. ಇದೇ ಸನತ್‌ನಗರ 1942ರಲ್ಲಿ ನಿಜಾಮ್ ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಆಲ್ವಿನ್ ಕಾರ್ಖಾನೆಯ ಊರು ಎಂಬುದನ್ನೂ ಮರೆಯಬಾರದು. ಬಸ್ಸಿನ ಮೈ ಕಟ್ಟುತ್ತಿದ್ದ, ಫ್ರಿಜ್ ತಯಾರಿಸುತ್ತಿದ್ದ, ಜಪಾನಿನ ಸೀಕೋ ಸಹಯೋಗದಲ್ಲಿ ಕೈಗಡಿಯಾರ ಮಾಡುತ್ತಿದ್ದ ಆ ಸಂಸ್ಥೆಯ ಫ್ರಿಜ್ ವಿಭಾಗವು 1990ರ ದಶಕದಲ್ಲಿ ವೋಲ್ಟಾಸ್ ಪಾಲಾಯಿತು. ಆಲ್ವಿನ್ ಕೈಗಡಿಯಾರ ಹೈದರಾಬಾದಿನದೋ ಜಪಾನಿನದೋ ಎಂದು ಅಂದು ಯಾರೂ ತಕರಾರು ತೆಗೆಯಲಿಲ್ಲ, ಏಕೆಂದರೆ ಆ ಉತ್ತರದ ಮೇಲೆ ಸುಂಕದ ದರ ನಿಂತಿರಲಿಲ್ಲ.

ಇಂದು ನಿಂತಿದೆ. 2018ರ ಸೆಪ್ಟೆಂಬರ್ 27ರಿಂದ ಕೇಂದ್ರ ಸರ್ಕಾರವು ಎ.ಸಿ., ಫ್ರಿಜ್ ಮತ್ತು 10 ಕಿಲೋಗಿಂತ ಕಡಿಮೆ ಸಾಮರ್ಥ್ಯದ ವಾಷಿಂಗ್ ಮೆಷಿನ್‌ಗಳ ಮೂಲ ಸುಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿತು. ಆದರೆ ಮುಕ್ತ ವ್ಯಾಪಾರ ಒಪ್ಪಂದವಿರುವ ದೇಶದಲ್ಲಿ ‘ಹುಟ್ಟಿದ’ ಸರಕು ರಿಯಾಯಿತಿ ಪಟ್ಟಿಯಲ್ಲಿದ್ದರೆ ಅದಕ್ಕೆ ಈ ದರ ಅನ್ವಯಿಸುವುದಿಲ್ಲ. ಥಾಯ್ಲೆಂಡಿನೊಂದಿಗೆ 2004ರ ಸೆಪ್ಟೆಂಬರ್‌ನಲ್ಲಿ ಆರಂಭವಾದ 82 ಸರಕುಗಳ ಯೋಜನೆಯಡಿ ಎ.ಸಿ., ಬಣ್ಣದ ಟಿ.ವಿ. ಮತ್ತು ಅದರ ಪಿಕ್ಚರ್ ಟ್ಯೂಬ್‌ಗಳು 2006ರ ಹೊತ್ತಿಗೆ ಶೂನ್ಯ ಸುಂಕಕ್ಕೆ ಇಳಿದಿದ್ದವು. 2010ರ ಜನವರಿಯಲ್ಲಿ ಆಸಿಯಾನ್ ದೇಶಗಳೊಂದಿಗಿನ ಸರಕು ವ್ಯಾಪಾರ ಒಪ್ಪಂದ ಜಾರಿಗೆ ಬಂತು. ಹೊರಗಿನ ಸುಂಕ ಏರಿದಷ್ಟೂ ಒಪ್ಪಂದದ ಬಾಗಿಲಿನಿಂದ ಒಳಬರುವ ಆಸೆಯೂ ಏರುತ್ತದೆ ಎಂಬುದನ್ನು ಸುಂಕ ಏರಿಸಿದವರು ಮೊದಲೇ ಊಹಿಸಬೇಕಿತ್ತು.

ಆ ಬಾಗಿಲಿನ ಅಗಲವನ್ನು ಅಳೆಯಬೇಕಾದರೆ ಆಸಿಯಾನ್ ಒಪ್ಪಂದದ ಮೂಲ ನಿಯಮವನ್ನು, ಅಂದರೆ ಸರಕು ಎಲ್ಲಿ ಹುಟ್ಟಿತೆಂದು ನಿರ್ಧರಿಸುವ ನಿಯಮವನ್ನು, ಬಿಡಿಸಿ ನೋಡಬೇಕು. ಪೂರ್ತಿಯಾಗಿ ಅಲ್ಲಿಯೇ ಬೆಳೆದ ಅಥವಾ ತೆಗೆದ ವಸ್ತುಗಳನ್ನು ಬಿಟ್ಟರೆ, ಉಳಿದ ಸರಕಿಗೆ ಸಾಮಾನ್ಯವಾಗಿ ಎರಡು ಷರತ್ತುಗಳು: ರಫ್ತು ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆಯಲ್ಲಿ, ಅಂದರೆ ಎಫ್‌ಒಬಿ ಮೌಲ್ಯದಲ್ಲಿ, ಕನಿಷ್ಠ ಶೇ 35 ಭಾಗ ಒಪ್ಪಂದದ ಪ್ರದೇಶದ್ದಾಗಿರಬೇಕು, ಹೊರಗಿನಿಂದ ತಂದ ಬಿಡಿಭಾಗಗಳ ಆರು ಅಂಕಿಯ ಸುಂಕ ಸಂಕೇತಕ್ಕಿಂತ ತಯಾರಾದ ಸರಕಿನ ಸಂಕೇತ ಬೇರೆಯಾಗಿರಬೇಕು. ಎರಡನೆಯ ಷರತ್ತು ಕೇಳಲು ಬಿಗಿಯಾಗಿದೆ, ಉಪಕರಣಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ಹೆಸರಿಗಷ್ಟೇ ಇದೆ. ಕಂಪ್ರೆಸರ್‌ನ ಸಂಕೇತ 8414.30, ಎ.ಸಿ.ಯ ಬಿಡಿಭಾಗಗಳದು 8415.90, ಗೋಡೆಗೆ ಕೂರಿಸುವ ಎ.ಸಿ.ಯದು 8415.10, ಆದ್ದರಿಂದ ಚೀನಾದ ಬಿಡಿಭಾಗಗಳನ್ನು ಥಾಯ್ಲೆಂಡಿನಲ್ಲೋ ಮಲೇಷ್ಯಾದಲ್ಲೋ ಜೋಡಿಸಿದ ಮಾತ್ರಕ್ಕೆ ಸಂಕೇತ ತಾನಾಗಿಯೇ ಬದಲಾಗುತ್ತದೆ. ಪೂರ್ತಿ ಕಿಟ್ಟನ್ನು ಒಂದೇ ಪೆಟ್ಟಿಗೆಯಲ್ಲಿ ಕಳಿಸಿದರೆ ಬಿಡಿಸಿಟ್ಟ ಸರಕನ್ನೂ ಜೋಡಿಸಿದ ಸರಕೆಂದೇ ಪರಿಗಣಿಸುವ ಸುಂಕ ವರ್ಗೀಕರಣದ ನಿಯಮ ಅಡ್ಡಬರುತ್ತದೆ, ನಿಜ. ಅದೇ ಭಾಗಗಳನ್ನು ಬೇರೆ ಬೇರೆ ಸಾಗಣೆಗಳಲ್ಲಿ, ಬೇರೆ ಬೇರೆ ಪೂರೈಕೆದಾರರಿಂದ ತರಿಸುವುದು ಬುದ್ಧಿವಂತ ತಯಾರಕನಿಗೆ ಕಷ್ಟದ ಕೆಲಸವೇನಲ್ಲ. ಬರಿಯ ಸರಳ ಜೋಡಣೆಯಿಂದ ಮೂಲ ದಕ್ಕುವುದಿಲ್ಲ ಎಂಬ ಮಾತೂ ನಿಯಮದಲ್ಲಿದೆ. ‘ಸರಳ’ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅಧಿಕಾರಿಯ ವಿವೇಚನೆಗೇ ಬಿಡಲಾಗಿದೆ.

ಮೊದಲನೆಯ ಷರತ್ತಿನ ಗಣಿತ ಇನ್ನೂ ವಿಚಿತ್ರವಾದದ್ದು. ಪ್ರದೇಶದ ಪಾಲನ್ನು ಲೆಕ್ಕಹಾಕುವಾಗ ಕಚ್ಚಾವಸ್ತು, ಕೂಲಿ ಮತ್ತು ಕಾರ್ಖಾನೆ ವೆಚ್ಚಗಳ ಜೊತೆಗೆ ಲಾಭವನ್ನೂ ಸೇರಿಸಿಕೊಳ್ಳಬಹುದು. ಒಂದು ಉಪಕರಣದೊಳಗೆ 12,500 ರೂಪಾಯಿಯ ಹೊರಗಿನ ಭಾಗಗಳಿವೆ ಎಂದಿಟ್ಟುಕೊಂಡು ನೋಡಬಹುದು. ಇನ್‌ವಾಯ್ಸ್ ಬೆಲೆ 18,000 ರೂಪಾಯಿ ಆಗಿದ್ದರೆ ಹೊರಗಿನ ಪಾಲು ಶೇ 69ನ್ನು ದಾಟುತ್ತದೆ, ರಿಯಾಯಿತಿ ಸಿಗುವುದಿಲ್ಲ. ಅದೇ ಉಪಕರಣದ ಇನ್‌ವಾಯ್ಸನ್ನು 20,000 ರೂಪಾಯಿಗೆ ಬರೆದರೆ ಹೊರಗಿನ ಪಾಲು ಶೇ 62.5ಕ್ಕೆ ಇಳಿದು ಸರಕು ಆಸಿಯಾನ್ ಮೂಲದ್ದಾಗಿಬಿಡುತ್ತದೆ. ಒಂದು ಸ್ಕ್ರೂ ಕೂಡ ಬದಲಾಗಿಲ್ಲ. ಸುಂಕವೇ ಶೂನ್ಯವಾದ ಮೇಲೆ ಬೆಲೆಯನ್ನು ಹೆಚ್ಚಿಸಿ ಬರೆಯುವುದರಿಂದ ಮೂಲ ಸುಂಕದಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಮಾರುವವನೂ ಕೊಳ್ಳುವವನೂ ಒಂದೇ ಬಹುರಾಷ್ಟ್ರೀಯ ಕುಟುಂಬದ ಎರಡು ಕಂಪನಿಗಳಾಗಿದ್ದರೆ ಅದು ಇನ್ನೂ ಸಲೀಸು. ಸರಕಿನ ಮೂಲವನ್ನು ದೃಢೀಕರಿಸಿ ರಫ್ತು ದೇಶ ಕೊಡುವ ಪ್ರಮಾಣಪತ್ರಗಳಲ್ಲಿನ ಸುಳ್ಳಿನ ಬಗ್ಗೆ ಎಷ್ಟೇ ಗದ್ದಲವಾದರೂ, ಸುಳ್ಳನ್ನೇ ಹೇಳದೆ ಮೂಲ ಪಡೆಯುವ ಈ ದಾರಿಯ ಬಗ್ಗೆ ಚರ್ಚೆ ನಡೆದದ್ದು ಕಡಿಮೆ.

ಕ್ಯಾರೋಟಾರ್ ಈ ಗಣಿತವನ್ನು ಮುಟ್ಟಲಿಲ್ಲ, ಮುಟ್ಟಲು ಸಾಧ್ಯವೂ ಇರಲಿಲ್ಲ. ಒಪ್ಪಂದದ ಮೂಲ ನಿಯಮಕ್ಕೂ ತನಗೂ ವಿರೋಧ ಬಂದರೆ ಒಪ್ಪಂದದ ನಿಯಮವೇ ಮೇಲು ಎಂದು ಅದರಲ್ಲಿಯೇ ಬರೆದಿದೆ. ಅದು ಮಾಡಿದ್ದು ಆಮದುದಾರನಿಂದ ಹೆಚ್ಚಿನ ಮಾಹಿತಿ ಕೇಳುವ ಕೆಲಸ. ಫಾರಂ-1ರಲ್ಲಿ ತಯಾರಿಕೆಯ ವಿಧಾನ, ಮೂಲ ದಕ್ಕಿದ ಮಾನದಂಡ ಮತ್ತು ಮೌಲ್ಯದ ಪಾಲುಗಳ ವಿವರವನ್ನು ಆತ ಸಂಗ್ರಹಿಸಿ ಐದು ವರ್ಷ ಇಟ್ಟುಕೊಂಡಿರಬೇಕು, ಅಧಿಕಾರಿ ಕೇಳಿದಾಗ ಹತ್ತು ಕೆಲಸದ ದಿನಗಳೊಳಗೆ ಒಪ್ಪಿಸಬೇಕು. ಪ್ರಮಾಣಪತ್ರ ಸಲ್ಲಿಸಿದ ಮಾತ್ರಕ್ಕೆ ಅವನ ಹೊಣೆ ತೀರುವುದಿಲ್ಲ. ಅಧಿಕಾರಿಗೆ ತೃಪ್ತಿಯಾಗದಿದ್ದರೆ ಪ್ರಮಾಣಪತ್ರ ಕೊಟ್ಟ ದೇಶಕ್ಕೆ ಪರಿಶೀಲನೆಯ ಕೋರಿಕೆ ಹೋಗುತ್ತದೆ, ಅಲ್ಲಿಯವರೆಗೆ ರಿಯಾಯಿತಿಯನ್ನು ತಡೆಹಿಡಿಯಬಹುದು, ಸುಂಕದ ವ್ಯತ್ಯಾಸದಷ್ಟು ಭದ್ರತೆ ಇಟ್ಟು ಸರಕು ಬಿಡಿಸಿಕೊಳ್ಳಬೇಕಾಗುತ್ತದೆ.

ಈ ವ್ಯವಸ್ಥೆ ಯಾರಿಗೆ ಹಗುರ, ಯಾರಿಗೆ ಭಾರ ಎಂದು ಕೇಳಿದರೆ ಅದರ ಓರೆ ತಿಳಿಯುತ್ತದೆ. ತನ್ನದೇ ಸೋದರ ಕಾರ್ಖಾನೆಯಿಂದ ಸರಕು ತರಿಸುವ ದೊಡ್ಡ ಕಂಪನಿಗೆ ವೆಚ್ಚದ ವಿವರ ಒಂದು ಇ-ಮೇಲ್‌ನಷ್ಟು ದೂರ. ಸನತ್‌ನಗರದಲ್ಲಿ ಎರಡು ಮೂರು ಕಂಟೇನರ್ ಬಿಡಿಸಿಕೊಳ್ಳುವ ಸ್ವತಂತ್ರ ವ್ಯಾಪಾರಿಗೆ ಅದೇ ವಿವರವನ್ನು ವಿದೇಶಿ ತಯಾರಕ ವ್ಯಾಪಾರ ರಹಸ್ಯವೆಂದು ಕೊಡುವುದಿಲ್ಲ. ಕೊಟ್ಟರೆ ಅವನ ಲಾಭದ ಅಂಚು ಗಿರಾಕಿಗೇ ಗೊತ್ತಾಗುತ್ತದೆ, ಯಾವ ಮಾರಾಟಗಾರನೂ ಅದನ್ನು ಒಪ್ಪಲಾರ. ಸಂದೇಹ ತೀರುವವರೆಗೆ ವ್ಯಾಪಾರಿಯ ಬಂಡವಾಳ ಭದ್ರತೆಯಲ್ಲಿ ಸಿಕ್ಕಿಕೊಳ್ಳುತ್ತದೆ, ತಡವಾದ ದಿನಗಳಿಗೆ ಡೆಮರೇಜ್ ಏರುತ್ತದೆ. ಇನ್‌ವಾಯ್ಸ್ ಬೆಲೆಯನ್ನು ಹೊಂದಿಸಬಲ್ಲವನು ಗಣಿತದಲ್ಲಿ ಪಾರಾಗಿ, ಹೊಂದಿಸಲಾಗದವನು ಕಾಗದದಲ್ಲಿ ಸಿಕ್ಕಿಬೀಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ.

ಹಾಗೆಂದು ಪ್ರಮಾಣಪತ್ರವೇ ಅಂತಿಮವಾಗಬೇಕೆಂಬ ಆಮದುದಾರರ ವಾದವನ್ನೂ ಒಪ್ಪಲಾಗದು. ವಿದೇಶಿ ಕಚೇರಿಯೊಂದು ತನ್ನ ದೇಶದ ರಫ್ತುದಾರನಿಗೆ ಕೊಡುವ ಪತ್ರವನ್ನು ಪ್ರಶ್ನಿಸುವ ಅಧಿಕಾರ ಆಮದು ದೇಶಕ್ಕೆ ಇರಲೇಬೇಕು. 2019ರ ನವೆಂಬರ್ 4ರಂದು ಭಾರತ ಆರ್‌ಸಿಇಪಿ ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಹೊರನಡೆದಾಗ ಮುಂದಿಟ್ಟ ಆತಂಕಗಳಲ್ಲಿ ಮೂಲ ನಿಯಮಗಳನ್ನು ತಪ್ಪಿಸಿ ಸರಕು ನುಸುಳುವುದೂ ಒಂದಾಗಿತ್ತು, ಅದು ಆಧಾರವಿಲ್ಲದ ಆತಂಕವಲ್ಲ. ಅಮೆರಿಕದ ಅನುಭವವೂ ಇದನ್ನೇ ಹೇಳುತ್ತದೆ: ಕೊರಿಯಾ ಮತ್ತು ಮೆಕ್ಸಿಕೋದಿಂದ ಬರುವ ವಾಷಿಂಗ್ ಮೆಷಿನ್‌ಗಳ ಮೇಲೆ 2013ರಲ್ಲಿ ಡಂಪಿಂಗ್ ತಡೆ ಸುಂಕ ಬಿದ್ದ ಮೇಲೆ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ತಯಾರಿಕೆಯನ್ನು ಚೀನಾಕ್ಕೆ, ಚೀನಾದ ಮೇಲೂ ಸುಂಕ ಬರುವ ಹೊತ್ತಿಗೆ ಥಾಯ್ಲೆಂಡ್ ಮತ್ತು ವಿಯೆಟ್ನಾಂಗೆ ಸರಿಸಿದವು, ಕೊನೆಗೆ 2018ರಲ್ಲಿ ಬಹುತೇಕ ಎಲ್ಲ ದೇಶಗಳಿಗೂ ಅನ್ವಯಿಸುವ ರಕ್ಷಣಾ ಸುಂಕವನ್ನೇ ಹಾಕಬೇಕಾಯಿತು. ಭಾರತವೂ 2020ರ ಅಕ್ಟೋಬರ್‌ನಲ್ಲಿ ಶೀತಕ ಅನಿಲ ತುಂಬಿದ ಎ.ಸಿ.ಗಳ ಆಮದನ್ನು, ಅವು ಯಾವ ದೇಶದವಾದರೂ ಸರಿ, ನಿಷೇಧಿಸಿಬಿಟ್ಟಿತು. ಅನಿಲ ತುಂಬದೆ ತರಿಸಿ ಇಲ್ಲಿ ತುಂಬಲು ಆ ನಿಷೇಧ ಅಡ್ಡಿಯಾಗಲಿಲ್ಲ. ಮೂಲವನ್ನು ಅಳೆಯುವ ಕೋಲು ಸರಿಯಿಲ್ಲವೆಂದು ಸರ್ಕಾರಕ್ಕೂ ತಿಳಿದಿತ್ತು ಎಂಬುದಕ್ಕೆ ಆ ನಿಷೇಧವೇ ಸಾಕ್ಷಿ.

ಕೋಲನ್ನು ಸರಿಪಡಿಸುವ ದಾರಿಗಳು ಅಪರಿಚಿತವೇನಲ್ಲ. ಉತ್ತರ ಅಮೆರಿಕದ ನಾಫ್ಟಾ ಒಪ್ಪಂದವು ದೊಡ್ಡ ಪರದೆಯ ಬಣ್ಣದ ಟಿ.ವಿ.ಗೆ ಮೂಲ ಕೊಡುವ ಮುನ್ನ ಅದರ ಪಿಕ್ಚರ್ ಟ್ಯೂಬ್ ಆ ಪ್ರದೇಶದ್ದೇ ಎಂದು ಕೇಳುತ್ತಿತ್ತು. ಯುರೋಪಿನ ನ್ಯಾಯಾಲಯವು 1989ರಲ್ಲಿ ಬ್ರದರ್ ಪ್ರಕರಣದಲ್ಲಿ, ಜಪಾನಿನ ಭಾಗಗಳಿಂದ ತೈವಾನಿನಲ್ಲಿ ಜೋಡಿಸಿದ ಎಲೆಕ್ಟ್ರಾನಿಕ್ ಟೈಪ್‌ರೈಟರ್‌ಗಳ ಮೂಲವನ್ನು ವಿಚಾರಿಸುತ್ತ, ವಸ್ತುವಿನ ವಿಶಿಷ್ಟ ಗುಣ ನಿರ್ಧಾರವಾಗುವ ನಿರ್ಣಾಯಕ ಹಂತ ಎಲ್ಲಿ ನಡೆಯಿತು ಎಂಬುದನ್ನು ಮೊದಲು ನೋಡಬೇಕು, ಅದರಿಂದ ತೀರ್ಮಾನವಾಗದಿದ್ದರೆ ಜೋಡಣೆಯಿಂದ ಕೂಡಿದ ಮೌಲ್ಯ ಗಣನೀಯವೇ ಎಂದು ನೋಡಬೇಕು ಎಂದಿತು. ಇದೇ ಮಾದರಿಯಲ್ಲಿ ಎ.ಸಿ. ಮತ್ತು ಫ್ರಿಜ್‌ಗಳಿಗೆ ಕಂಪ್ರೆಸರ್, ಶಾಖ ವಿನಿಮಯದ ಕಾಯಿಲ್ ಮತ್ತು ನಿಯಂತ್ರಣ ಸರ್ಕ್ಯೂಟ್ ಬೋರ್ಡ್, ಈ ಮೂರರಲ್ಲಿ ಎರಡಾದರೂ ಒಪ್ಪಂದದ ಪ್ರದೇಶದಲ್ಲಿ ತಯಾರಾಗಿರಬೇಕೆಂಬ ಸರಕುನಿರ್ದಿಷ್ಟ ನಿಯಮವನ್ನು ಬರೆಯಬಹುದು. ಆಗ ಅಧಿಕಾರಿ ಬೇರೆಯವರ ಲಾಭದ ಲೆಕ್ಕ ಕೇಳಬೇಕಾಗಿಲ್ಲ. ಕಂಪ್ರೆಸರ್‌ನ ತಯಾರಕ ಯಾರು, ಅದು ಎಲ್ಲಿಂದ ಬಂತು ಎಂಬುದನ್ನು ಪೆಟ್ಟಿಗೆ ತೆರೆದು ನಾಮಫಲಕ ಮತ್ತು ಖರೀದಿ ದಾಖಲೆಗಳಿಂದ ಪರಿಶೀಲಿಸಬಹುದು.

ಆಸಿಯಾನ್ ಒಪ್ಪಂದದ ಮರುಪರಿಶೀಲನೆಯಲ್ಲಿ ಭಾರತ ಹಿಡಿಯಬೇಕಾದ ಪಟ್ಟು ಇದು. ಮನೆಯೊಳಗಿನ ಗೊಂದಲವನ್ನೂ ಅದರ ಜೊತೆಗೇ ಬಿಡಿಸಬೇಕಾಗುತ್ತದೆ. ಒಪ್ಪಂದದ ಸರಕಿಗೆ ಶೇ 35 ಸಾಕೆನ್ನುವ ಸರ್ಕಾರವು ತನ್ನ ಸ್ವಂತ ಖರೀದಿಯಲ್ಲಿ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರನಿಂದ ಶೇ 50 ಸ್ಥಳೀಯ ಪಾಲು ಕೇಳುತ್ತದೆ. ಆಮದು ಪೊಟ್ಟಣದ ಮೇಲೆ ಮೂಲ ದೇಶ ಬರೆಯಬೇಕೆಂದು ಅಳತೆ-ತೂಕ ಕಾನೂನು ವಿಧಿಸುತ್ತದೆ, ಒಪ್ಪಂದದ ಹೊರಗಿನ ಸರಕಿನ ಮೂಲವನ್ನು ಯಾವ ಮಾನದಂಡದಿಂದ ನಿರ್ಧರಿಸಬೇಕೆಂಬ ಸಮಗ್ರ ನಿಯಮಾವಳಿಯನ್ನು ಭಾರತ ಈವರೆಗೆ ಬರೆದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯು 1995ರಲ್ಲಿ ಮೂರು ವರ್ಷಗಳಲ್ಲಿ ಮುಗಿಸುವುದಾಗಿ ಆರಂಭಿಸಿದ ಸಮಾನ ಮೂಲ ನಿಯಮಗಳ ಕೆಲಸವೂ ಮುಗಿಯಲಿಲ್ಲ, ಅದನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಸದ್ಯಕ್ಕೆ ಮಾಡಬಹುದಾದ ಕೆಲಸಗಳೂ ಇವೆ. ತಯಾರಕನ ವೆಚ್ಚದ ವಿವರ ಆಮದುದಾರನ ಕೈ ಹಾಯದೆ ನೇರವಾಗಿ ಕಸ್ಟಮ್ಸ್‌ಗೆ ಮುಚ್ಚಿದ ಕಡತವಾಗಿ ತಲುಪುವ ವ್ಯವಸ್ಥೆಯಾದರೆ ಸಣ್ಣ ವ್ಯಾಪಾರಿಯ ಅರ್ಧ ತೊಂದರೆ ತೀರುತ್ತದೆ. ಸರಕಿನ ಮೂಲದ ಬಗ್ಗೆ ಮುಂಗಡ ತೀರ್ಪು ಕೇಳುವ ಹಕ್ಕು ಕಾಯ್ದೆಯಲ್ಲಿ ಈಗಾಗಲೇ ಇದೆ. ಅದನ್ನು ಕೊಡುವ ಪ್ರಾಧಿಕಾರಗಳು 2021ರಿಂದ ದೆಹಲಿ ಮತ್ತು ಮುಂಬೈಗಳಲ್ಲಿ ಕೆಲಸ ಮಾಡುತ್ತಿವೆ, ಹೈದರಾಬಾದ್ ಮತ್ತು ಬೆಂಗಳೂರಿನ ಡಿಪೊಗಳನ್ನು ನೆಚ್ಚಿದವರಿಗಾಗಿ ದಕ್ಷಿಣದಲ್ಲಿಯೂ ಒಂದು ಪೀಠ ಬೇಕು. 2025ರ ಮಾರ್ಚ್‌ನಲ್ಲಿ ನಿಯಮಾವಳಿಯನ್ನು ತಿದ್ದಿ ‘ಮೂಲ ಪ್ರಮಾಣಪತ್ರ’ದ ಜಾಗದಲ್ಲಿ ‘ಮೂಲದ ಪುರಾವೆ’ ಎಂದು ಬರೆದು, ಒಪ್ಪಂದ ಅವಕಾಶ ಕೊಟ್ಟಲ್ಲಿ ಸ್ವಯಂ ಘೋಷಣೆಗೂ ಸರ್ಕಾರ ಜಾಗ ಮಾಡಿಕೊಟ್ಟಿತು. ರಫ್ತುದಾರನ ಮಾತನ್ನು ನಂಬಲು ಅಷ್ಟು ಮುಂದೆ ಹೋದ ಆ ತಿದ್ದುಪಡಿಯು ಫಾರಂ-1ರ ಹೊರೆಯನ್ನು ಮಾತ್ರ ಆಮದುದಾರನ ಹೆಗಲ ಮೇಲೆಯೇ ಉಳಿಸಿದೆ.