ಕೆಮ್ಮಿ ನಿಂತಿತೋ, ಗಪ್ಪಂತ ನಿಂತಿತೋ?

ಸಿನಿಮಾದಲ್ಲಿ ಕಾರು ಕೆಟ್ಟು ನಿಂತರೆ ಮುಂದೇನಾಗುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾ? ಮಳೆ ಬರುತ್ತೆ. ಹೀರೋಯಿನ್ ಇಳಿಯುತ್ತಾಳೆ. ಹೀರೋ ಬಾನೆಟ್ ಎತ್ತುತ್ತಾನೆ, ಯಾವುದೋ ಒಂದು ವೈರು ಜಗ್ಗುತ್ತಾನೆ, ಕೆನ್ನೆಗೆ ಒಂದಿಷ್ಟು ಮಸಿ... ಹಾಡು ಶುರು! 1958ರ 'ಚಲ್ತಿ ಕಾ ನಾಮ್ ಗಾಡಿ'ಯಲ್ಲಿ ಕಿಶೋರ್ ಕುಮಾರನ ಗ್ಯಾರೇಜಿಗೆ ಮಳೆಯಲ್ಲಿ ನೆನೆದ ಮಧುಬಾಲಾ ಬಂದಾಗಿನಿಂದ ಇದೇ ಪಾಠ. ಆ ಕಾರಿಗೆ ನಿಜಕ್ಕೂ ಏನಾಗಿತ್ತು ಅಂತ ಥೇಟರಿನಲ್ಲಿ ಯಾರಾದರೂ ಕೇಳಿದ್ದುಂಟಾ? ಮಧುಬಾಲಾ ಎದುರಿಗಿರುವಾಗ ಕಾರ್ಬುರೇಟರ್ ಯಾರಿಗೆ ಬೇಕು ಗುರೂ!

ಗಜೇಂದ್ರಗಡದ ಒಬ್ಬ ಓದುಗ ಮಿತ್ರನಿಗೆ ಬೇಕಾಗಿತ್ತು. ಅವನ ಪತ್ರ ನಾಲ್ಕು ಪುಟ. ಮೊದಲೆರಡು ಪುಟ ಶಂಕರನಾಗ್ ಬಗ್ಗೆ, ಉಳಿದೆರಡು ಪುಟ ಸೋದರಮಾವನ 1982ನೇ ಮಾಡೆಲ್ ಅಂಬಾಸಡರ್ ಮಾರ್ಕ್ 4 ಬಗ್ಗೆ. ಆ ಎರಡನೇ ಭಾಗವನ್ನು ಅವನ ಮಾತಿನಲ್ಲೇ ಹೇಳ್ತೀನಿ: "ಸರ, ಗಾಡಿ ಛಲೋ ಓಡಾಕತ್ತಿರ್ತೈತಿ. ಅರ್ಧಾ ತಾಸ ಆದ ಮ್ಯಾಲೆ ಒಮ್ಮಿಗೇ ಗಪ್ಪಂತ ನಿಂತ ಬಿಡತೈತಿ. ಮತ್ತ ಅರ್ಧಾ ತಾಸ ಬಿಟ್ಟು ಸೆಲ್ಫ್ ಹೊಡದ್ರ ಏನೂ ಆಗೇ ಇಲ್ಲ ಅನ್ನೂವಂಗ ಚಾಲೂ ಆಗತೈತಿ." ನಾಲ್ಕು ಸಲ ಹೀಗಾಗಿದೆ. ನಾಲ್ಕನೇ ಸಲ ರಾತ್ರಿ ಹನ್ನೊಂದಕ್ಕೆ, ಗಜೇಂದ್ರಗಡದಿಂದ ನರೇಗಲ್ ಮೇಲೆ ಗದಗಿಗೆ ಹೋಗೋ ದಾರಿಯಲ್ಲಿ. ಹಿಂದಿನ ಸೀಟಿನಲ್ಲಿ ಉಸಿರಾಟದ ತೊಂದರೆಯಿಂದ ಒದ್ದಾಡ್ತಾ ಇದ್ದ ತಾಯಿ. ಗಾಡಿ ನಿಂತಿದ್ದು ತಿರುವಿನಲ್ಲಿ, ಹಿಂದಿನ ದೀಪ ಇಲ್ಲದೆ. ಹತ್ತಿ ಹೇರಿದ ಲಾರಿಯೊಂದು ಒಂದು ಮೊಳ ಅಂತರದಲ್ಲಿ ಪಾರಾಗಿ ಹೋಯಿತಂತೆ. ಹಿಂದೆ ಬಂದ ಟಂಟಂ ಒಂದರಲ್ಲಿ ತಾಯಿಯನ್ನು ಸಾಗಿಸಿದ್ದಾನೆ. ಪುಣ್ಯಕ್ಕೆ ಆಕೆ ಈಗ ಹುಷಾರು. ಆದರೆ ಮಾವ ಶಪಥ ಮಾಡಿಬಿಟ್ಟಿದ್ದಾರೆ: ಈ ಗಾಡಿ ಗುಜರಿಗೆ! ಕಿಲೋ ಲೆಕ್ಕದಲ್ಲಿ!

ಪತ್ರದ ಕೊನೆಗೆ ಒಂದೇ ಸಾಲು. "ಈ ಗಾಡಿ ಮ್ಯಾಲೆ ಮೈಕ್ ಕಟ್ಟಿ, ಎರಡೂ ಬಾಗಲಕ್ಕ ಪೋಸ್ಟರ್ ಹಚ್ಚಿ, ಊರ ತುಂಬ ಪಿಚ್ಚರ್ ಬಂದದ್ದು ಸಾರ್ಯಾರ ನಮ್ಮ ಮಾವ. ಉಳಸ್ರಿ ಸರ."

ಇಂಥ ಸಾಲು ಓದಿದ ಮೇಲೆ ಉತ್ತರ ಬರೆದು ಪೋಸ್ಟಿಗೆ ಹಾಕಿ ಸುಮ್ಮನಿರೋಕಾಗುತ್ತಾ? ನಾನೂ ಒಂದು ಕಾಲಕ್ಕೆ ಸಿನಿಮಾ ಡಬ್ಬಾ ಹೊತ್ತ ಅಂಬಾಸಡರ್ ಓಡಿಸಿದವನೇ. ಹದಿನಾರು ರೀಲು ಡಿಕ್ಕಿಯಲ್ಲಿ, ಸಂಜೆ ಆಟಕ್ಕೆ ಮುಂಚೆ ಮುಟ್ಟಿಸಬೇಕು, ಇಲ್ಲದಿದ್ದರೆ ಜನ ಕುರ್ಚಿ ಮುರೀತಾರೆ. ಕಳೆದ ಏಪ್ರಿಲ್‌ನಲ್ಲಿ ಗದಗಿಗೆ ಹೋದವನು ಹಾಗೇ ಬಸ್ ಹತ್ತಿದೆ.

ಗಜೇಂದ್ರಗಡ ನೋಡಿದ್ದೀರಲ್ಲಾ? ಊರ ತಲೆಯ ಮೇಲೆ ಆನೆ ಕೂತ ಹಾಗೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಸುತ್ತಲಿನ ಗುಡ್ಡಗಳ ಮೇಲೆ ಈಗ ಗಾಳಿ ಯಂತ್ರಗಳ ಸಾಲು. ಆ ಕಡೆ ಕಾಲಕಾಲೇಶ್ವರ. 1787ರಲ್ಲಿ ಮರಾಠರಿಗೂ ಟಿಪ್ಪುವಿಗೂ ಒಪ್ಪಂದವಾಗಿದ್ದು ಇದೇ ಊರಿನ ಹೆಸರಲ್ಲಿ. ಮಾವ-ಅಳಿಯನ ನಡುವೆ ನಾನೂ ಒಂದು ಒಪ್ಪಂದ ಮಾಡಿಸಿದೆ: ಒಂದು ದಿನ ನನಗೆ ಕೊಡಿ, ಆಮೇಲೆ ಗುಜರಿಯವನನ್ನು ಕರೀರಿ.

ಬಾನೆಟ್ ಎತ್ತಲಿಲ್ಲ. ಮೊದಲು ಕೇಳಿದ್ದು, "ಗಾಡಿ ಕೆಮ್ಮಿ ನಿಂತಿತೋ, ಗಪ್ಪಂತ ನಿಂತಿತೋ?"

ಇದನ್ನು ಸಿನಿಮಾ ಭಾಷೆಯಲ್ಲೇ ಹೇಳ್ತೀನಿ ಕೇಳಿ. ಹಳೇ ಥೇಟರಿನಲ್ಲಿ ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿ ಮುಗೀತಾ ಬಂದರೆ ಪರದೆ ಮಂಕಾಗ್ತಾ, ಮಿಣಮಿಣ ಅಂತ ಹೋಗೋದು. ಕರೆಂಟೇ ಹೋದರೆ? ರಾಜಕುಮಾರ್ ಬಾಯಿ ತೆರೆದಿದ್ದಂಗೇ ಕತ್ತಲೆ, ಸೀಟಿ! ಕಾರಿನಲ್ಲೂ ಹಾಗೇ. ಪೆಟ್ರೋಲ್ ಕೊರತೆಯಾದರೆ ಇಂಜಿನ್ ಸಾಮಾನ್ಯವಾಗಿ ಜಗ್ಗುತ್ತೆ, ಕೆಮ್ಮುತ್ತೆ, ಎರಡು ಸಲ ಚೇತರಿಸಿಕೊಂಡು ಸಾಯುತ್ತೆ. ಕಿಡಿ ನಿಂತರೆ ಒಂದೇ ಏಟು, ಗಪ್. ನೂರಕ್ಕೆ ನೂರು ಅಂತ ಹೇಳೋದಿಲ್ಲ, ಆದರೆ ಎಲ್ಲಿಂದ ಹುಡುಕಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸುಳಿವು ನನಗೆ ಸಿಕ್ಕಿಲ್ಲ.

ಎರಡನೇ ಪ್ರಶ್ನೆ, "ನಿಂತಾಗ ಡ್ಯಾಶಿನ ಕೆಂಪು ದೀಪ ಹತ್ತಿತ್ತಾ?" ಹುಡುಗ ಹತ್ತಿತ್ತು ಅಂದ. ಹತ್ತಿದರೆ ಬ್ಯಾಟರಿಯಿಂದ ಇಗ್ನಿಷನ್ ಸ್ವಿಚ್ಚಿನ ತನಕ ಕರೆಂಟ್ ಬರ್ತಾ ಇದೆ ಅಂತ. ಹತ್ತದಿದ್ದರೆ ಟರ್ಮಿನಲ್ ಸಡಿಲವೋ, ಸ್ವಿಚ್ಚಿನ ಹಿಂದೆ ವೈರು ಬಿಚ್ಚಿದೆಯೋ ನೋಡಬೇಕು. ಅದು ಐದು ನಿಮಿಷದ ಕೆಲಸ.

ಮೂರನೇ ಪ್ರಶ್ನೆಗೆ ಮಾವನ ಮುಖ ಕೆಂಪಾಯಿತು. "ಇಲ್ಲೀತನಕ ಏನೇನು ಬದಲಿಸಿದ್ದೀರಿ?" ಪಟ್ಟಿ ಓದಿದರು ನೋಡಿ... ಬ್ಯಾಟರಿ ಹೊಸದು. ಪೆಟ್ರೋಲ್ ಪಂಪು ಹೊಸದು. ಪ್ಲಗ್ಗು ನಾಲ್ಕೂ ಹೊಸವು. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದದ್ದು. ಕೊನೆಗೆ ಕಾಯಿಲ್ಲೂ ಹೊಸದು! ಮೂರು ಗ್ಯಾರೇಜು, ಮೂರೂ ಕಡೆ ಬಿಲ್ಲು. "ಪಾಯಿಂಟು, ಕಂಡೆನ್ಸರು?" ಅಂದೆ. "ಅವು ಎಂಟ್ ತಿಂಗಳ ಹಿಂದ ಸರ್ವೀಸಿನ್ಯಾಗ ಹಾಕಸೇವ್ರಿ, ಹೊಸಾವ ಅದಾವು. ಅವನ್ನ ಯಾರೂ ಮುಟ್ಟಿಲ್ರಿ."

ಗಾಡಿ ನಿಲ್ಲೋಕೆ ಶುರುವಾಗಿದ್ದು ಯಾವಾಗ ಅಂತ ಕೇಳಿದೆ. ಅಳಿಯ ಬೆರಳು ಮಡಚಿ ಲೆಕ್ಕ ಹಾಕಿದ. ಏಳು ತಿಂಗಳು!

ಹಾಗಂತ ಆಗಲೇ ಕಂಡೆನ್ಸರ್ ಅಂತ ತೀರ್ಪು ಕೊಡಲಿಲ್ಲ. ತಣ್ಣಗಿರುವ ಗಾಡಿ ಸುಳ್ಳು ಹೇಳುತ್ತೆ. ಅದನ್ನು ಸಾಯಿಸಬೇಕು, ಸತ್ತ ಜಾಗದಲ್ಲೇ ನೋಡಬೇಕು. ಮಧ್ಯಾಹ್ನ ಎರಡು ಗಂಟೆ ಬಿಸಿಲಿಗೆ ಮೂವರೂ ನರೇಗಲ್ ದಾರಿ ಹಿಡಿದೆವು. ಎರಡೂ ಕಡೆ ಬಿರುಕು ಬಿಟ್ಟ ಎರೆಭೂಮಿ, ಕಿಟಕಿಯಿಂದ ಒಲೆಯ ಗಾಳಿ. ಇಪ್ಪತ್ತೈದನೇ ನಿಮಿಷಕ್ಕೆ... ಗಪ್! ಮೂರನೇ ಗೇರಿನಲ್ಲಿ, ಒಂದು ಕೆಮ್ಮೂ ಇಲ್ಲದೆ. ಕೆಂಪು ದೀಪ ಹತ್ತಿತು. ಮಾವ "ನೋಡ್ರಿ, ನೋಡ್ರಿ" ಅಂತ ಸಿಟ್ಟಿಗೆದ್ದರು. ನನಗೆ ಮಾತ್ರ ಖುಷಿ.

ಎಡಕ್ಕೆ ರಸ್ತೆಯಿಂದ ಪೂರ್ತಿ ಇಳಿಸಿದೆವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿದೆ. ಉಸ್ ಅಂತ ಗಾಳಿ ಎಳೆದುಕೊಂಡರೆ ಟ್ಯಾಂಕಿಗೆ ಉಸಿರಾಡೋ ದಾರಿ ಕಟ್ಟಿದೆ ಅಂತ ಅರ್ಥ. ಅದೂ ಹೀಗೇ ಅರ್ಧ ಗಂಟೆಗೆ ನಿಲ್ಲಿಸಿ, ಅರ್ಧ ಗಂಟೆಗೆ ಬಿಡುವ ಕಾಯಿಲೆಯೇ. ಇಲ್ಲಿ ಉಸ್ ಇಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿದೆವು, ಬೇಸಿಗೆಯಲ್ಲಿ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಕೂತಿದ್ದರೆ ಅದಕ್ಕೆ ಬಿಡುತ್ತೆ. ಬಿಡಲಿಲ್ಲ.

ಆಮೇಲೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಹುಡುಗನಿಗೆ ಸೆಲ್ಫ್ ಹೊಡೆಯೋಕೆ ಹೇಳಿದೆ. ರೋಟರ್ ತಿರುಗಿತು. ತಿರುಗದೇ ಇದ್ದಿದ್ದರೆ ಒಳಗೆ ಚೈನೋ ಗೇರೋ ಮುರಿದಿದೆ ಅಂತ, ಅಲ್ಲಿಗೆ ರಸ್ತೆ ರಿಪೇರಿ ಮುಗೀತು, ಹಗ್ಗ ಕಟ್ಟಿ ಎಳೆಸಬೇಕಿತ್ತು. ನನ್ನ ಜೇಬಿನಲ್ಲಿ ಯಾವಾಗಲೂ ಒಂದು ಹನ್ನೆರಡು ವೋಲ್ಟಿನ ಸಣ್ಣ ಬಲ್ಬು, ಎರಡು ವೈರು ಇರ್ತವೆ. ಒಂದು ವೈರು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತುದಿಗೆ, ಇನ್ನೊಂದು ಬಾಡಿಗೆ. ಸೆಲ್ಫ್ ಹೊಡೆದರೆ ಬಲ್ಬು ಮಿಣುಕ್ ಮಿಣುಕ್ ಅನ್ನಬೇಕು. ಅಂದಿತು. ಅಂದರೆ ಕರೆಂಟ್ ಬರ್ತಾ ಇದೆ, ಪಾಯಿಂಟು ತೆರೆದು ಮುಚ್ಚುತ್ತಾ ಇದೆ. ಹತ್ತಿಯೇ ಇದ್ದರೆ ಪಾಯಿಂಟು ಕೂಡ್ತಾ ಇಲ್ಲ, ಹತ್ತದೇ ಇದ್ದರೆ ಎಲ್ಲೋ ಬಾಡಿಗೆ ತಾಗಿದೆ ಅಥವಾ ಕರೆಂಟೇ ಇಲ್ಲ. ಒಂದು ಬಲ್ಬು ಇಷ್ಟು ಮಾತಾಡುತ್ತೆ. ಮೂರು ಗ್ಯಾರೇಜು ಮಾತಾಡಲಿಲ್ಲ.

ಹಾಗಾದರೆ ಕಿಡಿ ಯಾಕಿಲ್ಲ? ಪಾಯಿಂಟಿನ ಹತ್ತಿರ ಬಗ್ಗಿ ನೋಡಿ ಅಂದೆ ಹುಡುಗನಿಗೆ. ಈಗ ಸೆಲ್ಫ್ ಹೊಡೆದದ್ದು ಮಾವ. ಪಾಯಿಂಟು ತೆರೆದಾಗಲೆಲ್ಲ ನಡುವೆ ಚಿಟ್ ಚಿಟ್ ಅಂತ ದೊಡ್ಡ ಬೆಳಕು. ಬಾಯಿ ಎರಡೂ ಕರ್ರಗೆ ಸುಟ್ಟಿದ್ದವು. ಕಾಯಿಲಿನ ದಪ್ಪ ವೈರನ್ನು ಒಣ ಕಟ್ಟಿಗೆಯ ಚಿಮ್ಮಟದಲ್ಲಿ ಹಿಡಿದು ಇಂಜಿನ್ನಿನಿಂದ ಕಾಲಂಗುಲ ದೂರ ಇಟ್ಟರೆ, ಅಲ್ಲಿ ಹಳದಿ ಬಣ್ಣದ ಬಡಕಲು ಕಿಡಿ. ನೀಲಿಯಾಗಿ, ಚಟ್ ಅಂತ ಕೇಳೋ ಹಾಗೆ ಬರಬೇಕಾದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಇದನ್ನು ತಿಳಿದವನು ಹಳೇ ಗಾಡಿಗೆ ಹೆದರಬೇಕಿಲ್ಲ. ಎತ್ತಿನ ಬಾರುಕೋಲು ಚಟೀರ್ ಅನ್ನೋದು ಯಾವಾಗ? ಬೀಸಿದಾಗಲ್ಲ, ಬೀಸಿ ತಟ್ಟನೆ ಹಿಂದಕ್ಕೆ ಜಗ್ಗಿದಾಗ. ಕಾಯಿಲ್ಲೂ ಹಾಗೇ. ಪಾಯಿಂಟು ಕೂಡಿದಾಗ ಹನ್ನೆರಡು ವೋಲ್ಟು ಸುಮ್ಮನೆ ಹರೀತಾ ಇರುತ್ತೆ. ತೆರೆದಾಗ ಆ ಹರಿವು ತಟ್ಟನೆ ಕತ್ತರಿಸಿದರೆ ಮಾತ್ರ ಸಾವಿರಾರು ವೋಲ್ಟಿನ ಚಟೀರ್ ಏಳುತ್ತೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತೆ. ಆದರೆ ಕರೆಂಟ್ ಹಠಮಾರಿ. ತೆರೆದ ಪಾಯಿಂಟಿನ ಸಂದಿಯಲ್ಲೂ ಜಿಗಿಯೋಕೆ ನೋಡುತ್ತೆ. ಆ ಕ್ಷಣಕ್ಕೆ ಅದನ್ನು ತನ್ನೊಳಗೆ ಎಳೆದುಕೊಂಡು ಸುಮ್ಮನಾಗಿಸುವುದೇ ಕಂಡೆನ್ಸರ್. ಕಿರುಬೆರಳಿನಷ್ಟು ತಗಡಿನ ಡಬ್ಬಿ! ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗ್ತಾ ಇದ್ದರೆ ಪಾಯಿಂಟು ಸೆಕೆಂಡಿಗೆ 100 ಸಲ ತೆರೆಯುತ್ತೆ, ಕಂಡೆನ್ಸರ್ 100 ಸಲ ಈ ಕೆಲಸ ಮಾಡಬೇಕು. ಬಿಸಿಯಾದಾಗ ಅದರೊಳಗಿನ ಬೆಸುಗೆ ಬಿಟ್ಟುಕೊಂಡರೆ ಆಟ ಬಂದ್. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತೆ, ಗಾಡಿ ಚಾಲೂ. ಕಾಯಿಲ್ ಕೆಟ್ಟರೂ ಇದೇ ನಾಟಕ. ಆದರೆ ಆಗ ಪಾಯಿಂಟಿನಲ್ಲಿ ಈ ದೀಪಾವಳಿ ಇರೋದಿಲ್ಲ.

ಜೇಬಿನಿಂದ ಒಂದು ಹಳೇ ಕಂಡೆನ್ಸರ್ ತೆಗೆದೆ. ಒಳಗಿನದರ ವೈರು ಬಿಚ್ಚಿಟ್ಟು, ಇದರ ವೈರನ್ನು ಕಾಯಿಲಿನ ಅದೇ ಸಣ್ಣ ತುದಿಗೆ ಸಿಕ್ಕಿಸಿ, ಡಬ್ಬಿಯನ್ನು ಬಾಡಿಗೆ ಬಿಗಿದೆ. ಪಾಯಿಂಟನ್ನು ಉಜ್ಜುಕಾಗದದಲ್ಲಿ ಒರೆಸಿದೆ. ಮಾವ ಕೀಲಿ ತಿರುಗಿಸಿದರು. ಅರ್ಧ ಸುತ್ತಿಗೇ ಇಂಜಿನ್ ಗುಡುಗಿತು. ಅಳಿಯ ಥೇಟರಿನಲ್ಲಿ ಹೊಡೆಯುವ ಸೀಟಿ ಹೊಡೆದ!

ಸೀಟಿ ಹೊಡೆದಿದ್ದಕ್ಕೆ ನಾನು ಒಪ್ಪಲಿಲ್ಲ. ನಿಂತ ಹೊತ್ತಿನಲ್ಲಿ ತಣ್ಣಗಾಗಿ ತಾನೇ ಚಾಲೂ ಆಗಿದ್ದರೆ? ಗಾಡಿ ಆರಿಸಿ, ಹಳೇ ಜಾಗದ ಕಂಡೆನ್ಸರಿಗೇ ವೈರು ಸಿಕ್ಕಿಸಿದೆ. ಸೆಲ್ಫ್, ಸೆಲ್ಫ್, ಸೆಲ್ಫ್... ಊಹೂಂ. ಮತ್ತೆ ನನ್ನದನ್ನು ಹಾಕಿದೆ, ಗುಡುಗು. ಈಗ ಹೊಡೆಯಪ್ಪ ಸೀಟಿ ಅಂದೆ. ಗದಗಿನ ತನಕ ಹೋಗಿ ಗಜೇಂದ್ರಗಡಕ್ಕೆ ವಾಪಸ್ ಬಂದೆವು, ಎಲ್ಲೂ ನಿಲ್ಲಲಿಲ್ಲ. ಮಾವ ಅರ್ಧ ದಾರಿ ಮಾತೇ ಆಡಲಿಲ್ಲ. ಕೊನೆಗೆ, "ಇಷ್ಟಕ್ಕ ನಮ್ಮಕ್ಕನ ಜೀವಾ ಹೊಕ್ಕಿತ್ತಲ್ರಿ" ಅಂದರು.

ಹೌದು. ಒಂದು ಊಟದ ಬೆಲೆಯ ಸಾಮಾನಿಗೆ. ಅದಕ್ಕೇ ಈ ವಾರ ಇಷ್ಟುದ್ದ ಬರೆಯುತ್ತಿದ್ದೇನೆ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ಕ್ಕೆ ಅಂಬಾಸಡರ್ ನಿಂತಿತು. ಸಾಮಾನು ಈಗಲೂ ಸಿಗುತ್ತೆ, ಆದರೆ ಒಳ್ಳೇದು, ಕೆಟ್ಟದ್ದು ಎರಡೂ ಒಂದೇ ಥರದ ಡಬ್ಬಿಯಲ್ಲಿ. ಸರಿಯಾಗಿ ಓಡುತ್ತಿದ್ದ ಹಳೇ ಕಂಡೆನ್ಸರನ್ನು ಸರ್ವೀಸಿನಲ್ಲಿ ಬಿಚ್ಚಿದರೆ ಎಸೆಯಬೇಡಿ, ಗಾಡಿಯಲ್ಲೇ ಇಟ್ಟಿರಿ.

ಈಗ ರಾತ್ರಿಯ ಮಾತು. ಓಡುತ್ತಾ ಇಂಜಿನ್ ಸತ್ತರೆ ಗಾಬರಿಯಾಗಿ ಕೀಲಿ ಹೊರಗೆ ಎಳೀಬೇಡಿ. ಈಚಿನ ಕಾರುಗಳಲ್ಲಿ ಸ್ಟೇರಿಂಗ್ ಬೀಗ ಬೀಳುತ್ತೆ. ಬ್ರೇಕೂ ಅವುಗಳಲ್ಲಿ ಗಟ್ಟಿಯಾಗುತ್ತೆ, ಹೋಗಿಲ್ಲ, ಬಲವಾಗಿ ತುಳೀಬೇಕು ಅಷ್ಟೇ. ಉಳಿದ ವೇಗದಲ್ಲೇ ಎಡಕ್ಕೆ, ರಸ್ತೆಯಿಂದ ಆಚೆ. ನಿಂತ ಮೇಲೆ ಇಗ್ನಿಷನ್ ಆರಿಸಿ, ಇಲ್ಲದಿದ್ದರೆ ಪಾಯಿಂಟು ಕೂಡಿದ್ದಲ್ಲಿ ಕಾಯಿಲ್ ಕಾದು ಅದೂ ಕೆಡುತ್ತೆ. ಜನ ಗಾಡಿಯಿಂದಿಳಿದು ದೂರ ನಿಲ್ಲಬೇಕು, ಹಿಂದೆ ಐವತ್ತು ಹೆಜ್ಜೆಯಲ್ಲಿ ಕೆಂಪು ತ್ರಿಕೋನ ಇಡಬೇಕು. ನಮ್ಮವರು ಇಡೋದು ಕಲ್ಲು! ರಿಪೇರಿ ಮುಗಿದ ಮೇಲೆ ಅವನ್ನು ಅಲ್ಲೇ ಬಿಟ್ಟು ಹೋಗೋ ಮಹಾನುಭಾವರಿಗೆ ಏನನ್ನಬೇಕೋ ತಿಳಿಯದು. ಶಂಕರನಾಗ್ ನಮ್ಮ ಕಡೆಯ ಲೋಕಾಪುರಕ್ಕೆ 'ಜೋಕುಮಾರಸ್ವಾಮಿ' ಶೂಟಿಂಗಿಗೆ ಹೊರಟಿದ್ದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತ ಅವರನ್ನು ಕಸಿದುಕೊಂಡಿತು. ಎರಡು ಪುಟ ಅವರ ಬಗ್ಗೆ ಬರೆದ ಹುಡುಗನಿಗೆ ಇದನ್ನು ನಾನು ನೆನಪಿಸಬೇಕಾಗಲಿಲ್ಲ. ಹಿಂದಿನ ದೀಪ ಎರಡೂ ಅವನೇ ಅವತ್ತೇ ಸಂಜೆ ಹಾಕಿಸಿದ.

ಇನ್ನೊಂದು. ಬಾಯಲ್ಲಿ ಪೆಟ್ರೋಲ್ ಎಳೆದು ಕಾರ್ಬುರೇಟರಿಗೆ ಉಗುಳೋದು, ಕುದಿಯೋ ರೇಡಿಯೇಟರಿನ ಮುಚ್ಚಳ ಟವೆಲ್ಲು ಸುತ್ತಿ ತೆಗೆಯೋದು, ಇವೆಲ್ಲ ಪರದೆ ಮೇಲೆ ಚೆಂದ. ಅಲ್ಲಿ ಡ್ಯೂಪ್ ಇರ್ತಾನೆ. ಕಿಡಿ ಪರೀಕ್ಷೆ ಮಾಡುವಾಗ ಪೆಟ್ರೋಲ್ ಪೈಪು ಬಿಚ್ಚಿರಬಾರದು, ಬೀಡಿಯಂತೂ ಬೇಡವೇ ಬೇಡ.

ಮುಂದಿನ ವಾರ ಪದ್ಮಿನಿಯ ಸರದಿ. ಜಗ್ಗೇಶರ 2019ರ 'ಪ್ರೀಮಿಯರ್ ಪದ್ಮಿನಿ' ಅಲ್ಲ ಮಾರಾಯ್ರೇ, ಸ್ಟೇರಿಂಗ್ ಪಕ್ಕದಲ್ಲಿ ಗೇರ್ ಇರುವ ಆ ಪದ್ಮಿನಿ. ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಸಿಕ್ಕಿಕೊಳ್ಳುತ್ತೆ ಅಂತ ಮೂರು ಜನ ಬರೆದಿದ್ದಾರೆ.