ಯುನೇಮ್‌ಗೆ ಗೊತ್ತಿಲ್ಲದ್ದನ್ನ ಯಾಕ್ರೀ ಕೇಳ್ತೀರಿ?

ಲಿನಕ್ಸ್ ಬಗ್ಗೆ ಬರೆಯೋ ನಮ್ಮ ಬ್ಲಾಗಿಗರ ಮೇಲೆ ನಂದೊಂದು ತಕರಾರಿದೆ. "ಟರ್ಮಿನಲ್ ತೆಗೆದು ಯುನೇಮ್ -ಐ ಅಂತ ಕೊಡಿ, 64 ಅಂತ ಬಂದ್ರೆ ಈ ಫೈಲು, ಇಲ್ದಿದ್ರೆ ಆ ಫೈಲು" ಅಂತ ಧೈರ್ಯವಾಗಿ ಬರೀತಾರೆ. ಸ್ವಾಮಿ, ಅದು ನಿಮ್ಮ ಮನೆ ಅಂಗಳದಲ್ಲಿ ಮಾತ್ರ ಓಡೋ ಕುದುರೆ!

ಪೋಸಿಕ್ಸ್ ಮಾನದಂಡ ಯುನೇಮ್‌ಗೆ ಕೊಟ್ಟಿರೋದು ಆರೇ ಆಯ್ಕೆ: -ಎ, -ಎಂ, -ಎನ್, -ಆರ್, -ಎಸ್, -ವಿ. ಪ್ರೊಸೆಸರ್ ಕೇಳೋ -ಪಿ, ಹಾರ್ಡ್‌ವೇರ್ ಪ್ಲಾಟ್‌ಫಾರ್ಮ್ ಕೇಳೋ -ಐ ಎರಡೂ ಅದರಲ್ಲಿಲ್ಲ. ಗ್ನೂ ಯುನೇಮ್‌ನ ಸಹಾಯಪುಟವೇ ಇವೆರಡರ ಮುಂದೆ 'ನಾನ್-ಪೋರ್ಟಬಲ್' ಅಂತ ಬರೆದುಕೊಂಡಿದೆ. ಓದೋರ್ಯಾರು?

ಈಗ ತಮಾಷೆ ನೋಡಿ. ರೆಡ್‌ಹ್ಯಾಟ್ ಕಡೆಯವರು ತೇಪೆ ಹಾಕಿದ್ದರಿಂದ ಅವರಲ್ಲಿ ವರ್ಷಗಟ್ಟಲೆ -ಐ ಕೊಟ್ರೆ 'ಎಕ್ಸ್86_64' ಅಂತ ಬರ್ತಿತ್ತು. ಡೆಬಿಯನ್‌ನಲ್ಲಿ ಅದೇ ಪ್ರಶ್ನೆಗೆ 'ಅನ್‌ನೋನ್'. ಫ್ರೀಬಿಎಸ್‌ಡಿಯಲ್ಲಿ -ಐ ಅಂದ್ರೆ ಕರ್ನಲ್‌ನ ಗುರುತು, ಸಾಮಾನ್ಯವಾಗಿ 'ಜೆನೆರಿಕ್' ಅನ್ನುತ್ತೆ! ಇನ್ನು 64 ಬಿಟ್ಟಿನ ಇಂಟೆಲ್ ಮ್ಯಾಕ್‌ಗೆ -ಪಿ ಕೊಟ್ಟರೆ 'ಐ386' ಅಂತ ಹಳೇ ಕಾಲದ ಹೆಸರು ಹೇಳುತ್ತೆ.

"ನಂಗೆ ಸರಿಯಾಗೇ ಬಂತಲ್ಲ" ಅಂತೀರಾ? ನೀವು ಬರೆದಿದ್ದು ನಿಮಗೋಸ್ಕರ ಅಲ್ಲವಲ್ಲ. ಕನ್ನಡ ಟೈಪ್ ಮಾಡೋಕೆ ಅಂತ ಮೊದಲ ಸಲ ಲಿನಕ್ಸ್ ಹಾಕಿಕೊಂಡವರು 'ಅನ್‌ನೋನ್' ಅಂತ ಕಂಡ ತಕ್ಷಣ ಏನಂದ್ಕೋತಾರೆ? ನನ್ನ ಕಂಪ್ಯೂಟರ್ರೇ ಸರಿಯಿಲ್ಲ ಅಂತ! ಮುಚ್ಚಿಟ್ಟು ಹೋದವರು ಮತ್ತೆ ಬರಲ್ಲ. ಇಂಗ್ಲಿಷಿನಲ್ಲಾದರೆ ಉತ್ತರ ಹುಡುಕೋಕೆ ನೂರು ಜಾಗ ಇದೆ, ಕನ್ನಡದಲ್ಲಿ ಓದೋರಿಗೆ ನಿಮ್ಮದೊಂದೇ ಪೋಸ್ಟು ಇರಬಹುದು.

ಹಾಗಂತ -ಎಂ ಕೂಡ ದೇವರಲ್ಲ. ಒಂದೇ ಜಾತಿಯ ಚಿಪ್ಪಿಗೆ ಲಿನಕ್ಸ್ 'ಎಎಆರ್ಚ್64' ಅಂದ್ರೆ ಮ್ಯಾಕ್ 'ಆರ್ಮ್64' ಅನ್ನುತ್ತೆ. ಲಿನಕ್ಸ್‌ನ 'ಎಕ್ಸ್86_64' ಫ್ರೀಬಿಎಸ್‌ಡಿಯಲ್ಲಿ 'ಎಎಮ್‌ಡಿ64'. ಮೇಲಾಗಿ ಅದು ಹೇಳೋದು ಕರ್ನಲ್‌ನ ಮಾತು. 64 ಬಿಟ್ಟಿನ ಕರ್ನಲ್ ಮೇಲೆ 32 ಬಿಟ್ಟಿನ ಪ್ರೋಗ್ರಾಮುಗಳು ಕೂತಿರಬಹುದು, ರಾಸ್ಪ್‌ಬೆರಿ ಪೈನಲ್ಲಿ ಇದು ಮಾಮೂಲು. ಅಲ್ಲಿ 'ಗೆಟ್‌ಕಾನ್ಫ್ ಲಾಂಗ್_ಬಿಟ್' ಕೇಳಿ. ಆದರೂ -ಎಂ ಎಲ್ಲ ಕಡೆ ಏನಾದರೊಂದು ಉತ್ತರ ಕೊಡುತ್ತೆ. ಎರಡು ಹೆಸರನ್ನೂ ಪೋಸ್ಟಿನಲ್ಲಿ ಬರೆದುಬಿಟ್ಟರೆ ಮುಗೀತು.

ಹಳೇ ಪೋಸ್ಟು ತೆಗೆದು ಆ -ಐ ಅಳಿಸಿ -ಎಂ ಹಾಕಿ. ಒಂದಕ್ಷರದ ಕೆಲಸ. ಏನಂತೀರಿ?