ಕಾಣದ ಕಡಿವಾಣ

ವಿದ್ಯುತ್ತು ಎಲ್ಲರಿಗೂ ಬೇಕು. ಅದು ಹುಟ್ಟುವ ಬಗೆಯನ್ನು ವಿಚಾರಿಸುವವರು ವಿರಳ. ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಎಲ್ಲೂರಿನಲ್ಲಿ ಕಲ್ಲಿದ್ದಲನ್ನು ಉರಿಸುವ ಸ್ಥಾವರವಿದೆ. ಅದರ ಹೊಗೆ, ಬೂದಿಗಳು ಕಣ್ಣಿಗೆ ಕಾಣುತ್ತವೆ. ಉತ್ತರ ಕನ್ನಡದ ಕೈಗಾದಲ್ಲಿ ಒಡೆಯುವುದಾದರೋ ಯುರೇನಿಯಂ ಪರಮಾಣುವಿನ ಬೀಜ. ಅದು ಯಾರ ಕಣ್ಣಿಗೂ ಕಾಣದು. ಕಾಣದ ವಸ್ತುವಿನ ವಿಷಯದಲ್ಲಿ ಕುರುಡು ಭಯವೂ ಕುರುಡು ನಂಬಿಕೆಯೂ ಬೇಗನೆ ಬೆಳೆಯುತ್ತವೆ. ಎರಡಕ್ಕೂ ತಿಳಿವಳಿಕೆಯೇ ಮದ್ದು.

ಶ್ರುತಿ ಕೂಡಿಸಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಮಿಡಿಯುತ್ತದೆ. ಇದೇ ಅನುರಣನ. ಭಾರವಾದ ಪರಮಾಣು ಬೀಜಗಳಲ್ಲಿಯೂ ಇಂತಹ ಗುಣವುಂಟು. ಬಂದು ತಾಗುವ ನ್ಯೂಟ್ರಾನಿನ ಶಕ್ತಿಯು ಕೆಲವು ನಿಶ್ಚಿತ ಮಟ್ಟಗಳಿಗೆ ಹೊಂದಿದಾಗ ಬೀಜವು ಅದನ್ನು ಸುಲಭವಾಗಿ ಒಳಗೆ ಸೇರಿಸಿಕೊಳ್ಳುತ್ತದೆ. ಯುರೇನಿಯಂ 235ರ ಬೀಜವಾದರೆ ಹೆಚ್ಚಿನ ಸಲ ಒಡೆದು ಶಕ್ತಿಯನ್ನು ಕೊಡುತ್ತದೆ. ಯುರೇನಿಯಂ 238ರ ಬೀಜವಾದರೆ ಒಡೆಯದೆ ನ್ಯೂಟ್ರಾನನ್ನು ನುಂಗಿಬಿಡುತ್ತದೆ. ನಿಸರ್ಗದಲ್ಲಿ ದೊರೆಯುವ ಯುರೇನಿಯಮಿನ 1000 ಪರಮಾಣುಗಳಲ್ಲಿ ಮೊದಲನೆಯ ಬಗೆಯವು ಸುಮಾರು 7 ಮಾತ್ರ. ಇಂಧನ ಕಾದಂತೆ ಬೀಜಗಳ ಕಂಪನ ಹೆಚ್ಚುತ್ತದೆ. ಆಗ 238ರ ಅನುರಣನದ ಹರವು ಅಗಲವಾಗಿ, ಹೆಚ್ಚು ನ್ಯೂಟ್ರಾನುಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ವಿದಳನದ ವೇಗ ತಗ್ಗುತ್ತದೆ. ಇದು ನಿಸರ್ಗವೇ ಇರಿಸಿದ ಕಡಿವಾಣ.

ಹಾಗೆಂದು ಇದೊಂದನ್ನೇ ನೆಚ್ಚಿ ನಿಶ್ಚಿಂತರಾಗುವುದು ತರವಲ್ಲ. 1986ರಲ್ಲಿ ಚೆರ್ನೋಬಿಲ್ ಸ್ಥಾವರದಲ್ಲಿಯೂ ಈ ಕಡಿವಾಣವಿತ್ತು. ವಿನ್ಯಾಸದ ದೋಷವೂ ನಿಯಮಗಳ ಉಲ್ಲಂಘನೆಯೂ ಕೂಡಿ ಅದನ್ನು ಮೀರಿದವು. ಕೈಗಾದಲ್ಲಿಯೇ 1994ರಲ್ಲಿ, ಕಟ್ಟುತ್ತಿದ್ದ ಮೊದಲನೆಯ ಘಟಕದ ಕಾಂಕ್ರೀಟು ಗುಮ್ಮಟದ ಒಳಭಾಗ ಕಳಚಿ ಬಿದ್ದಿತು. ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಬೇಕಾಯಿತು. ಅದೇ ಘಟಕವು 2018ರ ಕೊನೆಯ ವೇಳೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿತು. ಬೀಜದ ನಿಯಮ ಎರಡು ಕಾಲದಲ್ಲಿಯೂ ಒಂದೇ. ಬದಲಾದದ್ದು ಮನುಷ್ಯನ ಎಚ್ಚರ.

ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾ ಯೋಜನೆಯನ್ನು ಬಲವಾಗಿ ವಿರೋಧಿಸಿದರು. ಕನ್ನಡ ನಾಡಿನವರೇ ಆದ ವಿಜ್ಞಾನಿ ರಾಜಾ ರಾಮಣ್ಣನವರು ವಿದಳನವನ್ನು ಆಳವಾಗಿ ಅಭ್ಯಸಿಸಿ, ಅಣುಶಕ್ತಿಯ ಪರವಾಗಿ ನಿಂತರು. ಒಬ್ಬರನ್ನು ಹೊಗಳಲು ಇನ್ನೊಬ್ಬರನ್ನು ಹಳಿಯಬೇಕಾಗಿಲ್ಲ. ಅಳೆದು ಹೇಳುವವರೂ ಬೇಕು, ಎದ್ದು ಕೇಳುವವರೂ ಬೇಕು. ಕೇಳುವವರಿಲ್ಲದ ಕಡೆ ಕೆಲಸ ಸಡಿಲವಾಗುತ್ತದೆ. ಅಳತೆಯನ್ನರಿಯದವರ ಪ್ರಶ್ನೆ ಬರಿಯ ಕೂಗಾಗುತ್ತದೆ. ಮಣಿಪಾಲ, ಕಾರ್ಕಳಗಳ ಶಾಲೆಗಳಲ್ಲಿ ಇಂದು ಕಲಿಯುತ್ತಿರುವ ಮಕ್ಕಳು ನಾಳೆ ಇಂತಹ ಯೋಜನೆಗಳನ್ನು ಒಪ್ಪಬೇಕಾದವರು, ಇಲ್ಲವೇ ತಡೆಯಬೇಕಾದವರು. ಅವರು ಒಪ್ಪಲಿ, ತಡೆಯಲಿ. ಅರಿತು ಆಡಿದರೆ ಅವರ ಮಾತಿಗೆ ಬೆಲೆಯುಂಟು.